ಬಚ್ಚಲ ಮೋರಿಯೂ ಕಾಯಕದ ಮಾತೂ

ಅನುಭಾವದ ವಿಚಾರಕ್ಕೆ ಮೀಸಲಾದ ಪತ್ರಿಕೆಯಲ್ಲಿ ಬಚ್ಚಲಿನ ಮಾತೇಕೆ ಎಂದು ಓದುಗರು ಹುಬ್ಬುಗಂಟಿಕ್ಕಬಹುದು. ಆದರೆ ಗೃಹಸ್ಥರಾದ ನಾವು ಪ್ರತಿದಿನವೂ ಲಿಂಗಪೂಜೆಗೆ ನಡೆದು ಬರುವುದು ಬಚ್ಚಲಿನಿಂದಲೇ ಅಲ್ಲವೆ? ಆ ಕೆಲವು ಹೆಜ್ಜೆಗಳ ನಡುವೆ ಒಂದು ಧರ್ಮಸೂಕ್ಷ್ಮ ಅಡಗಿದೆಯೆಂಬುದು ನನಗೆ ಇಷ್ಟು ವಯಸ್ಸಾದ ಮೇಲೆ ತಿಳಿಯಿತು. ಅದನ್ನು ಹೇಳಿಕೊಳ್ಳುವುದು ಸ್ವಲ್ಪ ನಾಚಿಕೆಯ ಸಂಗತಿಯೇ ಆದರೂ ಹೇಳಿಕೊಳ್ಳುತ್ತೇನೆ.

ಕಳೆದ ಶ್ರಾವಣದಲ್ಲಿ ಮಗಳೂ ಮೊಮ್ಮಕ್ಕಳೂ ಮನೆಗೆ ಬಂದಿದ್ದರು. ಎಣ್ಣೆ ನೀರಿನ ಸಂಭ್ರಮ ಮುಗಿದ ಎರಡನೆಯ ದಿನಕ್ಕೆ ಬಚ್ಚಲು ಕಟ್ಟಿಕೊಂಡಿತು. ಸ್ನಾನ ಮಾಡಿದ ನೀರು ಕಾಲಿನ ಹರಡಿನವರೆಗೆ ನಿಂತು, ಬೂದುಬಣ್ಣದ ನೊರೆ ಅದರ ಮೇಲೆ ತೇಲುತ್ತಿತ್ತು. ಮೋರಿ ತೆಗೆಯುವಾತನಿಗೆ ಹೇಳಿಕಳುಹಿಸಿದೆವು. ಆತನಿಗೆ ಆ ವಾರ ಬಿಡುವಿರಲಿಲ್ಲ. ನಾಲ್ಕು ದಿನಗಳ ಕಾಲ ನಾವು ಆ ನಿಂತ ನೀರಿನಲ್ಲಿಯೇ ಮಿಂದು, ಕಾಲು ತೊಳೆದುಕೊಂಡು, ವಿಭೂತಿ ಧರಿಸಿ ಪೂಜೆಗೆ ಕುಳಿತೆವು. ಅದೇ ವಾರ ಬಡಾವಣೆಯ ಶಿವಾನುಭವ ಗೋಷ್ಠಿಯಲ್ಲಿ ನಾನು ಕಾಯಕತತ್ತ್ವವನ್ನು ಕುರಿತು ಮುಕ್ಕಾಲು ಗಂಟೆ ಮಾತನಾಡಿ, ಶಾಲು ಹೊದಿಸಿಕೊಂಡು ಬಂದಿದ್ದೆ. ಮನೆಗೆ ಬಂದೊಡನೆ ಮನೆಯಾಕೆ ಕೇಳಿದಳು: “ಎಲ್ಲ ಕಾಯಕವೂ ಸಮಾನವೆಂದು ಹೇಳಿ ಬಂದಿರಲ್ಲ, ಈ ಬಚ್ಚಲಿನ ಕಾಯಕ ಯಾರದು?”

ನನ್ನಲ್ಲಿ ಉತ್ತರ ಸಿದ್ಧವಾಗಿಯೇ ಇತ್ತು. ಅದು ಮೋರಿ ತೆಗೆಯುವವನ ಕಾಯಕ. ಅದನ್ನು ನಾನು ಮಾಡಿದರೆ ಆತನ ಅನ್ನಕ್ಕೆ ಕಲ್ಲು ಹಾಕಿದಂತಾಗುತ್ತದೆ. ಬಾಯಿಗೆ ಬಂದ ಈ ಮಾತು ನನಗೇ ಅಷ್ಟು ರುಚಿಸಲಿಲ್ಲ. ರಾತ್ರಿಯೆಲ್ಲ ಅದನ್ನೇ ತಿರುವಿಹಾಕಿದೆ. ಈ ವಾದದಲ್ಲಿ ನಿಜವಿಲ್ಲವೆನ್ನಲಾಗದು. ಕೂಲಿಯನ್ನು ನಂಬಿದವನಿಗೆ ಕೂಲಿ ತಪ್ಪಿಸುವುದು ಪುಣ್ಯವೇನಲ್ಲ. ಆದರೆ ನಾನು ಆತನನ್ನು ಕರೆಸಿದ್ದು ಆತನ ಅನ್ನದ ಚಿಂತೆಯಿಂದಲೆ? ಅಲ್ಲ. ನನ್ನ ಮೈಯಿಂದ ಇಳಿದ ಕೊಳೆಯನ್ನು ನನ್ನ ಕೈ ಮುಟ್ಟಬಾರದೆಂಬ ಎಣಿಕೆಯಿಂದ.

ಶರಣರ ಕಾಯಕಗಳನ್ನು ನಾವು ಮನೆಮನೆಯಲ್ಲೂ ಕೊಂಡಾಡುತ್ತೇವೆ. ಮಡಿವಾಳ ಮಾಚಯ್ಯನವರು ಬಟ್ಟೆಯೊಗೆದರು. ಸತ್ಯಕ್ಕನವರು ಶಿವಭಕ್ತರ ಮನೆಯಂಗಳ ಗುಡಿಸಿದರು. ಆಯ್ದಕ್ಕಿ ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದರು, ಅದು ಅಂದಿನ ಅಗತ್ಯಕ್ಕಿಂತ ಹೆಚ್ಚಾದಾಗ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಒಯ್ಯಿರೆಂದರು. ಇವರೆಲ್ಲರೂ ತಮ್ಮ ಕೈಗೆಲಸವನ್ನು ತಾವೇ ಕಾಯಕವೆಂದು ಕರೆದುಕೊಂಡವರು. ತಾವು ಮಾಡಿದರು, ತಾವು ದಾಸೋಹಗೈದರು, ಶರಣರ ನಡುವೆ ಸರಿಸಮನಾಗಿ ಕುಳಿತರು. ವ್ಯಾಕರಣದಲ್ಲಿ ‘ನಾನು’, ‘ನಾವು’ ಎಂಬುವನ್ನು ಉತ್ತಮಪುರುಷವೆನ್ನುತ್ತಾರಷ್ಟೆ. ಕಾಯಕವೆಂಬುದು ಉತ್ತಮಪುರುಷದಲ್ಲಿ ಮಾತ್ರ ಆಡತಕ್ಕ ಮಾತೆಂದು ನನಗೆ ತೋರುತ್ತದೆ. ನನ್ನ ಕೆಲಸವನ್ನು ನಾನು ಕಾಯಕವೆಂದರೆ ಅದು ವ್ರತ. ಹುಟ್ಟಿನ ಕಾರಣದಿಂದ ಇನ್ನೊಬ್ಬನ ತಲೆಗೆ ಕಟ್ಟಿದ ಕೆಲಸವನ್ನು, ಆತನನ್ನು ಕೇಳದೆಯೇ, ನಾನು ಕಾಯಕವೆಂದು ಹೊಗಳಿದರೆ? ಅದು ಆತನ ಬಾಯಿ ಮುಚ್ಚಿಸುವ ಉಪಾಯ. ಹನ್ನೆರಡನೆಯ ಶತಮಾನದವರು ಯಾವ ಜಾತಿಯ ಗೋಡೆಯನ್ನು ಒಡೆಯಹೊರಟರೋ ಆ ಗೋಡೆಗೆ ಅವರದೇ ಮಾತಿನ ಸುಣ್ಣ ಬಳಿದಂತೆ.

ಇದು ಬರಿಯ ತರ್ಕವಲ್ಲ, ಪ್ರಾಣದ ಪ್ರಶ್ನೆ. 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಇಂಥದೇ ಕೆಲಸದ ಮನೆತನದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಇದರ ವಿರುದ್ಧ ಬಾಳೆಲ್ಲ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. 2013ರ ಕಾಯ್ದೆಯು ಕೈಯಿಂದ ಮಲ ಬಾಚಿಸುವುದನ್ನೂ, ರಕ್ಷಣಾಸಾಧನವಿಲ್ಲದೆ ಮನುಷ್ಯನನ್ನು ಒಳಚರಂಡಿಗೋ ಶೌಚದ ಗುಂಡಿಗೋ ಇಳಿಸುವುದನ್ನೂ ಅಪರಾಧವೆಂದು ಸಾರಿದೆ. ಗುಂಡಿಗೆ ಇಳಿಸಿದವರಿಗೆ ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಎರಡು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಇದು ನಗರಸಭೆಗೆ ಮಾತ್ರವಲ್ಲ, ಮನೆಯ ಯಜಮಾನನಿಗೂ ಅನ್ವಯಿಸುತ್ತದೆ. ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ವಿಧಿಸಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮೊತ್ತವನ್ನು ಏರಿಸಬೇಕಾಗಿ ಬಂದುದೇ ಸಾವು ನಿಂತಿಲ್ಲವೆಂಬುದಕ್ಕೆ ಸಾಕ್ಷಿ. ಕೊಳೆತ ಗುಂಡಿಯಲ್ಲಿ ಹುಟ್ಟುವ ಗಂಧಕದ ವಿಷವಾಯು ಗಾಳಿಗಿಂತ ಭಾರವಾದುದರಿಂದ ತಳದಲ್ಲಿಯೇ ನಿಲ್ಲುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುವುದರಿಂದ ಇಳಿದವನಿಗೆ ಅಪಾಯದ ವಾಸನೆಯೂ ತಿಳಿಯದು.

ಮನೆಯ ಬಚ್ಚಲಿಗೂ ಆ ಗುಂಡಿಗೂ ಬಹು ಅಂತರವುಂಟು, ಒಪ್ಪುತ್ತೇನೆ. ಆದರೆ ಎರಡರ ನಡುವೆ ಇರುವುದು ಒಂದೇ ಕೊಳವೆ.

ಮರುದಿನ ಬೆಳಿಗ್ಗೆ ನಾನೇ ಕುಳಿತೆ. ಕೈಗೆ ರಬ್ಬರಿನ ಚೀಲ ತೊಟ್ಟು, ಜಾಲರಿಯನ್ನು ಎಬ್ಬಿಸಿ, ಹಳೆಯ ಕೊಡೆಯ ಕಡ್ಡಿಯೊಂದರ ತುದಿಯನ್ನು ಕೊಕ್ಕೆಯಂತೆ ಬಾಗಿಸಿ ಒಳಗೆ ಬಿಟ್ಟು ತಿರುವಿದೆ. ಎಳೆದಾಗ ಬಂದುದು ಒಂದು ಮೊಳದಷ್ಟು ಉದ್ದದ ಕೂದಲಿನ ಹೊಸೆತ. ನುಲಿಯ ಚಂದಯ್ಯನವರ ಹಗ್ಗವನ್ನು ಇಲ್ಲಿ ನೆನೆಯುವುದು ಅಪಚಾರವಾದೀತು. ಅದರಲ್ಲಿ ಮಗಳ ಕಪ್ಪು ಕೂದಲಿತ್ತು, ಮನೆಯಾಕೆಯ ನೆರೆಗೂದಲಿತ್ತು, ಸೀಗೇಪುಡಿಯ ಜಿಗಟಿತ್ತು, ನನ್ನ ಸೋಪಿನ ಬಿಳಿಯ ಗಷ್ಟಿತ್ತು. ನಮ್ಮ ಕೊಳವೆಬಾವಿಯದು ಗಡಸು ನೀರು. ಅದರಲ್ಲಿರುವ ಸುಣ್ಣದಂಶವು ಸೋಪಿನೊಡನೆ ಕೂಡಿ ಕರಗದ ಮೊಸರಿನಂತಾಗಿ ಕೂದಲಿಗೆ ಅಂಟಿಕೊಳ್ಳುತ್ತದೆ, ಅಭ್ಯಂಜನದ ಎಣ್ಣೆ ಅದನ್ನು ಇನ್ನಷ್ಟು ಬಿಗಿಯುತ್ತದೆ. ಒಂದು ಕುಟುಂಬದ ಚರಿತ್ರೆಯೇ ಅಲ್ಲಿ ಹೊಸೆದುಕೊಂಡಿತ್ತು. ಪರರ ಕೊಳೆ ಒಂದು ಎಳೆಯೂ ಇರಲಿಲ್ಲ.

ಆಮೇಲೆ ತೊಳೆಯುವ ಸೋಡವನ್ನು ಬಿಸಿನೀರಿನಲ್ಲಿ ಕರಗಿಸಿ ಹೊಯ್ದೆ. ಕುದಿಯುವ ನೀರು ಕೂಡದು, ಇಂದಿನ ಪ್ಲಾಸ್ಟಿಕ್ ಕೊಳವೆಗಳು ಅದಕ್ಕೆ ಮೆತ್ತಗಾಗುತ್ತವೆ. ಬಾಯಿಗೆ ರಬ್ಬರಿನ ಬಟ್ಟಲು ಕವುಚಿ ಹತ್ತಿಪ್ಪತ್ತು ಸಲ ಒತ್ತಿದ ಮೇಲೆ ನೀರು ಗುಳುಗುಳು ಎಂದು ಇಳಿಯಿತು. ಅಡಿಗೆ ಸೋಡ ಮತ್ತು ವಿನೆಗರ್ ಸುರಿದರೆ ಸಾಕೆಂದು ಹೇಳುವವರುಂಟು. ಅವೆರಡೂ ಕೂಡಿದಾಗ ನೊರೆಯೇನೋ ಚೆನ್ನಾಗಿ ಬರುತ್ತದೆ, ಕೂದಲು ಮಾತ್ರ ಕದಲುವುದಿಲ್ಲ. ಕೊಳವೆಯ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಲ್ಲುವುದನ್ನು ಕಂಡು ದೋಷವೆಂದು ಭಾವಿಸಬಾರದು; ಚರಂಡಿಯ ದುರ್ವಾಯು ಮನೆಗೆ ನುಗ್ಗದಂತೆ ತಡೆಯುವುದು ಆ ನೀರೇ.

ಇಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕೈ ಮುಟ್ಟಲು ಹೇಸುವ ನಾವು ಮೊದಲು ಅಂಗಡಿಯಿಂದ ಕಾಸ್ಟಿಕ್ ಪುಡಿಯನ್ನೋ ಆ್ಯಸಿಡನ್ನೋ ತಂದು ಸುರಿಯುತ್ತೇವೆ. ಅದರಿಂದ ಆಗದಿದ್ದಾಗ ಆಳನ್ನು ಕರೆಯುತ್ತೇವೆ, ಸುರಿದ ಸಂಗತಿಯನ್ನು ಹೇಳುವುದಿಲ್ಲ. ಕಟ್ಟಿದ ಕೊಳವೆಯಲ್ಲಿ ಆ ಸುಡುನೀರು ಹಾಗೆಯೇ ನಿಂತಿರುತ್ತದೆ. ಆತ ಕಡ್ಡಿ ಹಾಕಿ ಎಳೆದಾಗ ಅದು ಸಿಡಿಯುವುದು ಆತನ ಕೈಗೆ, ಕಣ್ಣಿಗೆ. ಆ್ಯಸಿಡ್ಡಿಗೆ ಬ್ಲೀಚಿಂಗ್ ಪುಡಿ ಬೆರೆತರಂತೂ ಕ್ಲೋರಿನ್ ಎಂಬ ವಿಷವಾಯುವೇ ಏಳುತ್ತದೆ. ಅಹಿಂಸೆಯನ್ನು ಊಟದ ತಟ್ಟೆಯಲ್ಲಿ ಇಷ್ಟು ಎಚ್ಚರದಿಂದ ಪಾಲಿಸುವ ನಮ್ಮ ಮನೆಗಳಲ್ಲಿ ಈ ಹಿಂಸೆ ಲೆಕ್ಕಕ್ಕೇ ಬರುವುದಿಲ್ಲ. ಇದನ್ನು ನಾನು ಬೇರೆಯವರನ್ನು ಕುರಿತು ಬರೆಯುತ್ತಿಲ್ಲ. ಹಿಂದಿನ ವರ್ಷ ನಮ್ಮ ಮನೆಯಲ್ಲಿಯೇ ಹೀಗೆ ನಡೆದಿತ್ತು. ಆ ದಿನ ಮೋರಿಯಾತ ಮುಂಗೈಯನ್ನು ನಲ್ಲಿಯ ಕೆಳಗೆ ಬಹಳ ಹೊತ್ತು ಹಿಡಿದು ನಿಂತಿದ್ದನು. ಏಕೆಂದು ನಾವು ಕೇಳಲಿಲ್ಲ.

ಆರನೆಯ ದಿನ ಆತ ಬಂದನು. ಬಚ್ಚಲು ಸರಿಯಾಗಿದೆಯೆಂದು ಹೇಳಿದಾಗ, ಬಂದ ಕೂಲಿ ತಪ್ಪಿತೆಂಬ ನೆರಳು ಆತನ ಮುಖದಲ್ಲಿ ಸುಳಿಯಿತು. ಹಿಂದಿನ ದಿನದ ಕೆಲಸದಿಂದ ಬೀಗುತ್ತಿದ್ದ ನನಗೆ ಅದು ಚುಚ್ಚಿತು. ಆದರೂ ಆತನೇ ಹೊರಗಿನ ಚೇಂಬರಿನ ಮುಚ್ಚಳ ತೆಗೆಸಿ ನೋಡಿ, ಅಡಿಗೆಮನೆಯ ಜಿಡ್ಡು ಅರ್ಧ ಕಟ್ಟಿದೆ, ಮಳೆ ಹೆಚ್ಚಿದರೆ ತುಂಬಿಕೊಳ್ಳುತ್ತದೆ ಎಂದನು. ಉದ್ದನೆಯ ಸರಳು ತರಿಸಿ, ಒಳಗೆ ಕಾಲಿಡದೆ ಮೇಲೆಯೇ ನಿಂತು, ಒಂದು ಗಂಟೆಯಲ್ಲಿ ಬಿಡಿಸಿದನು. ನಾನು ನೀರು ಹೊಯ್ಯುತ್ತ ಪಕ್ಕದಲ್ಲಿ ನಿಂತಿದ್ದೆ. ಸರಳನ್ನು ಯಾವ ಕಡೆಗೆ ತಿರುವಬೇಕೆಂದು ಆತನಿಂದಲೇ ಕಲಿತೆ. ನನ್ನ ಕೊಡೆಯ ಕಡ್ಡಿಯ ವಿದ್ಯೆ ಆತನ ಮುಂದೆ ಮಕ್ಕಳಾಟ.

ಹಿತ್ತಲ ಕಿಟಕಿಯ ಮೇಲೆ ಬಾಯಿ ಮುಕ್ಕಾದ ಒಂದು ಗಾಜಿನ ಲೋಟ ಎಷ್ಟೋ ವರ್ಷಗಳಿಂದ ಇತ್ತು. ಅದು ಯಾರಿಗೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ಎಲ್ಲರಿಗೂ ಗೊತ್ತಿತ್ತು. ಆ ಬೆಳಿಗ್ಗೆ ಮನೆಯಾಕೆ ಅದನ್ನು ತೆಗೆದು ಹೊರಗೆ ಹಾಕಿದ್ದಳು. ಕೆಲಸ ಮುಗಿದ ಮೇಲೆ ಪಡಸಾಲೆಯಲ್ಲಿ ಕುರ್ಚಿ ಹಾಕಿ, ನಾವು ಕುಡಿಯುವ ಸ್ಟೀಲಿನ ಲೋಟದಲ್ಲಿಯೇ ಚಹ ತಂದಿಟ್ಟಳು. ಆತ ಕುರ್ಚಿಯ ಮೇಲೆ ಕೂರಲಿಲ್ಲ. ಕೈ ತೊಳೆದು, ಹಿತ್ತಲಿಗೆ ನಡೆದು, ಕಿಟಕಿಯ ಮೇಲೆ ಕೈಯಾಡಿಸಿ ಹಿಂದಿರುಗಿ ಬಂದು ಕೇಳಿದನು:

“ನನ್ನ ಲೋಟ ಎಲ್ಲಿ, ಯಜಮಾನರೇ?”