ಬೆಲೆ ಕೊಟ್ಟ ಮೇಲೆ

ಕನ್ನಡದಲ್ಲಿ ಸಾಲ ಬೇರೆ, ಋಣ ಬೇರೆ. ಸಾಲಕ್ಕೆ ಪತ್ರವುಂಟು, ಬಡ್ಡಿಯುಂಟು, ತೀರಿಸಿದ ದಿನ ಪತ್ರ ಹರಿದುಹಾಕುವ ಸಂತೋಷವೂ ಉಂಟು. ಋಣಕ್ಕೆ ಇವಾವುವೂ ಇಲ್ಲ. ತರಗತಿಯಲ್ಲಿ ಈ ಮಾತನ್ನು ಎಷ್ಟೋ ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಕಳೆದ ತಿಂಗಳು ಊರಿಗೆ ಹೋದಾಗ, ಒಂದು ಪೆಟ್ರೋಲ್ ಬಂಕಿನ ಮುಂದೆ, ಅದು ನನ್ನ ಕೊರಳಿಗೇ ಬಿತ್ತು.

ಅರಸೀಕೆರೆ ಕಡೆಯ ನಮ್ಮೂರಿನಲ್ಲಿ, ಬೆಂಗಳೂರು–ಹೊನ್ನಾವರ ರಸ್ತೆಯ ಬದಿಗೆ, ಆ ಬಂಕು ಮೂರು ತಲೆಮಾರಿನಿಂದ ಒಂದೇ ಮನೆಯವರ ಕೈಯಲ್ಲಿದೆ. ಹಿರಿಯರು ಸೀಮೆಎಣ್ಣೆಯ ಏಜೆನ್ಸಿಯಿಂದ ಮೊದಲುಮಾಡಿ, ಆಮೇಲೆ ಬರ್ಮಾ ಷೆಲ್ ಕಂಪನಿಯ ಕೈಪಂಪು ನೆಡಿಸಿದರಂತೆ. ಅದರ ನೆತ್ತಿಯ ಮೇಲೆ ಗಾಜಿನ ಎರಡು ಪಾತ್ರೆ. ಹಿಡಿಯಾಡಿಸುತ್ತಿದ್ದರೆ ಒಂದು ತುಂಬುವಷ್ಟರಲ್ಲಿ ಇನ್ನೊಂದು ಗಾಡಿಗೆ ಇಳಿಯುವುದು. ಕೊಳ್ಳುವವನು ತಾನು ಕೊಂಡದ್ದನ್ನು ಕಣ್ಣಾರೆ ಕಾಣುತ್ತಿದ್ದ. ಗ್ಯಾಲನ್ನು ಹೋಗಿ ಲೀಟರು ಬಂತು. ಗಾಜು ಹೋಗಿ ಮೀಟರು ಬಂತು. 1976ರಲ್ಲಿ ಸರ್ಕಾರ ಬರ್ಮಾ ಷೆಲ್ಲನ್ನು ವಹಿಸಿಕೊಂಡಾಗ ಬೋರ್ಡೂ ಬದಲಾಯಿತು. ಮನೆತನ ಮಾತ್ರ ಅದೇ.

ಮೂರನೆಯ ತಲೆಮಾರಿನವನು ನನ್ನ ಸಹಪಾಠಿ. ಅವನ ತಂದೆಯನ್ನು ಊರೆಲ್ಲ ಯಜಮಾನರೆನ್ನುತ್ತಿತ್ತು. 1992ರ ಒಂದು ರಾತ್ರಿ ನನ್ನ ತಂಗಿಗೆ ವಾಂತಿಭೇದಿ ಹತ್ತಿ ಕಣ್ಣು ಮೇಲಕ್ಕೆ ಹೋಯಿತು. ಹಾಸನಕ್ಕೆ ಒಯ್ಯಬೇಕು, ಪಕ್ಕದ ಮನೆಯವರ ಅಂಬಾಸಿಡರ್ ಸಿಕ್ಕಿತು, ಆದರೆ ಅದರಲ್ಲಿ ಪೆಟ್ರೋಲಿಲ್ಲ. ಗಂಟೆ ಎರಡು; ಕರೆಂಟೂ ಇಲ್ಲ. ಯಜಮಾನರು ಪಂಚೆಯ ಮೇಲೊಂದು ಟವೆಲು ಹೊದ್ದು ಬಂದು, ಪಂಪಿಗೆ ಹಿಡಿ ಸಿಕ್ಕಿಸಿ, ಕೈಯಿಂದಲೇ ತಿರುಗಿಸಿ ತುಂಬಿಸಿದರು. ತಂದೆಯವರು ಜೇಬು ಮುಟ್ಟಿ ನೋಡಿಕೊಂಡರು. ಗಾಬರಿಯಲ್ಲಿ ಹಣ ಮನೆಯಲ್ಲೇ ಉಳಿದಿತ್ತು. “ಆಮೇಲೆ ನೋಡೋಣ ಮೇಷ್ಟ್ರೇ, ಮೊದಲು ಹೊರಡಿ” ಎಂದರು ಯಜಮಾನರು. ತಂಗಿ ಉಳಿದಳು. ಮೂರನೆಯ ದಿನ ತಂದೆಯವರು ಹೋಗಿ ಪೈಸೆ ಬಿಡದೆ ಲೆಕ್ಕ ತೀರಿಸಿ ಬಂದರು. ಸಾಲ ಅಲ್ಲಿಗೆ ಮುಗಿಯಿತು.

ಬಂಕಿನ ವ್ಯಾಪಾರದಲ್ಲಿ ಒಂದು ವಿಚಿತ್ರವುಂಟು. ಜವಳಿ ಅಂಗಡಿಯವನ ಸರಕು ಅವನದು, ಬೆಲೆಯೂ ಅವನದು. ಬಂಕಿನವನಿಗೆ ಆ ಸ್ವಾತಂತ್ರ್ಯವಿಲ್ಲ. ಎಣ್ಣೆಯನ್ನು ಕಂಪನಿಯಿಂದಲೇ ಕೊಳ್ಳಬೇಕು. ಬೆಲೆಯನ್ನು ಹಿಂದೆ ಸರ್ಕಾರ ಗೊತ್ತುಮಾಡುತ್ತಿತ್ತು. 2017ರ ಜೂನ್‌ನಲ್ಲಿ ಕಂಪನಿಗಳು ದಿನದಿನವೂ ಪರಿಷ್ಕರಿಸುವ ಪದ್ಧತಿ ಬಂತು. ಇವನಿಗೆ ಸಿಕ್ಕುವುದು ಲೀಟರಿಗಿಷ್ಟೆಂಬ ಕಮಿಷನ್. ಹಾಗಾದರೆ ಮೂರು ತಲೆಮಾರು ಕಾಪಾಡಿಕೊಂಡು ಬಂದದ್ದಾದರೂ ಏನನ್ನು?

ಗೆಳೆಯ ಒಳಗಿನಿಂದ ಐದು ಲೀಟರಿನ ಅಳತೆಯ ಪಾತ್ರೆ ತಂದು ತೋರಿಸಿದ. ಯಾವ ಗಿರಾಕಿಯಾದರೂ ಇದರಲ್ಲಿ ಅಳೆದು ತೋರಿಸೆಂದು ಕೇಳಬಹುದು. ಐದು ಲೀಟರಿಗೆ 25 ಮಿಲಿಲೀಟರು ಹೆಚ್ಚುಕಡಮೆಯಾದರೆ ತಪ್ಪಲ್ಲ. ಕಾನೂನೇ ಬಿಟ್ಟ ಸಡಿಲ ಅದು. ಪ್ರತಿ ಐದು ಲೀಟರಿಗೂ 20 ಮಿಲಿಲೀಟರು ಕಡಮೆ ಬೀಳುವಂತಿದ್ದರೂ ಯಾವ ಇನ್‌ಸ್ಪೆಕ್ಟರೂ ಮೋಸವೆನ್ನಲಾರ. ಆದರೆ 12,000 ಲೀಟರು ಮಾರುವಷ್ಟರಲ್ಲಿ 48 ಲೀಟರು ಮನೆಗೆ ಉಳಿದಿರುತ್ತದೆ!

“ಸೀಲು ಹಾಕೋ ದಿನ ಅಪ್ಪ ಪಕ್ಕದಲ್ಲೇ ನಿಂತಿರೋರು. ಗೆರೆಗೆ ಸರಿಯಾಗಿ ಬರಬೇಕು, ಇಲ್ಲಾ ಒಂದು ಕೂದಲೆಳೆ ಮೇಲಿರಬೇಕು. ಆ ಸಡಿಲ ಯಂತ್ರಕ್ಕೆ ಕೊಟ್ಟಿರೋದು ಕಣೋ, ನಮಗಲ್ಲ ಅನ್ನೋರು” ಎಂದ.

ಗಾಜಿನ ಪಾತ್ರೆಯಿದ್ದಾಗ ಊರ ಕಣ್ಣು ಕಾವಲಿತ್ತು. ಗಾಜು ಹೋದ ಮೇಲೆ ಆ ಸಣ್ಣ ಸಡಿಲದೊಳಗೆ ಅವರಿಗೆ ಅವರೇ ಕಾವಲು. ಬೆಲೆಯಲ್ಲಿ ತಮ್ಮ ಮಾತು ನಡೆಯದ ಆ ಮನೆಯವರಿಗೆ ಸ್ವಂತದ್ದೆಂದು ಇದ್ದದ್ದು ಇದು, ಮತ್ತೆ ಆ ರಾತ್ರಿಯ ಎಚ್ಚರ.

ಈಗ ನನ್ನ ಪಾಡು. ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುವಂತಾದ ಮೇಲೆ ಬೈಪಾಸಿನಲ್ಲಿ ಹೊಸ ಬಂಕು ಬಂದಿದೆ. ಎರಡು ವರ್ಷದಿಂದ ನಾನು ಅಲ್ಲೇ ಪೆಟ್ರೋಲ್ ಹಾಕಿಸುತ್ತೇನೆ. ಹತ್ತು ನಿಮಿಷ ಉಳಿಯುತ್ತದೆ. ಅಲ್ಲಿ ಮೋಸವೇನೂ ಇಲ್ಲ. ಹಳೆಯ ಬಂಕಿಗೆ ಹಿಂದಿನ ವ್ಯಾಪಾರವಿಲ್ಲ. ಗೆಳೆಯ ಬಿಟ್ಟುಬಿಡುವ ಯೋಚನೆಯಲ್ಲಿದ್ದಾನೆ. ನಾನು ಅವನಿಗೆ ಏನಾದರೂ ಸಲ್ಲಿಸಬೇಕೆ?

ಬೆಲೆಯೆಂಬುದನ್ನು ನಾನು ಹೀಗಳೆಯಲಾರೆ. ಕೊಟ್ಟು ಕೊಳ್ಳುವವನು ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಿಲ್ಲ. ಒಂದು ಸೇರು ರಾಗಿಗೂ ದೊಡ್ಡ ಮನೆಯ ಜಗಲಿಯ ಕೆಳಗೆ ನಿಂತ ಜನದ ದೇಶ ಇದು. ಇಲ್ಲಿ ಹಣ ಕೊಟ್ಟು ತಲೆಯೆತ್ತಿ ನಡೆಯುವುದು ಸಣ್ಣ ಬಿಡುಗಡೆಯಲ್ಲ. ಆದರೆ ಹಗಲಿಗೂ ಇರುಳಿಗೂ ಕಮಿಷನ್ ಒಂದೇ. ಹಾಸಿಗೆ ಬಿಟ್ಟು ಎದ್ದದ್ದಕ್ಕೆ ಬೆಲೆಯಲ್ಲಿ ಜಾಗವಿರಲಿಲ್ಲ. ತಂದೆಯವರು ಕೊಟ್ಟ ಹಣದಲ್ಲಿ ಅದು ಸೇರಿರಲೂ ಇಲ್ಲ. ಎದ್ದವರು ಈಗಿಲ್ಲ. ಮಗ ಆ ರಾತ್ರಿ ನಿದ್ದೆಮಾಡುತ್ತಿದ್ದ. ಅವನಲ್ಲಿ ಕರ್ತವ್ಯವೆಂದು ಕೊಂಡರೆ ಅದು ವ್ಯಾಪಾರವೋ ಭಿಕ್ಷೆಯೋ? ತಿಳಿದರೆ ಅವನೇ ನೊಂದುಕೊಂಡಾನು.

ಇದನ್ನೆಲ್ಲ ಯೋಚಿಸಿದವನು ಬುದ್ಧಿವಂತನಂತೆ ನಡೆದೆನೆ? ಬೈಪಾಸಿನಲ್ಲಿ ಟ್ಯಾಂಕು ತುಂಬಿಸಿಕೊಂಡೇ ಅವನ ಬಂಕಿಗೆ ಹೋಗಿದ್ದೆ. ಹೊರಡುವಾಗ ನಾಚಿಕೆಯಾಗಿ “ಹಾಕಪ್ಪಾ, ಫುಲ್ ಮಾಡು” ಎಂದೆ. ಮೀಟರು ಎರಡು ಲೀಟರು ದಾಟುವಷ್ಟರಲ್ಲಿ ನಳಿಗೆ ಟಕ್ಕೆಂದು ನಿಂತಿತು. ಅವನು ಮೀಟರು ನೋಡಿದ, ನನ್ನ ಮುಖ ನೋಡಿದ, ನಕ್ಕ. ದುಡ್ಡು ತೆಗೆದುಕೊಂಡು, ಕಾರಿನ ಸುತ್ತ ಒಂದು ಬಾರಿ ಬಂದು, ಹಿಂದಿನ ಚಕ್ರವನ್ನು ಕಾಲಿನಿಂದ ಒತ್ತಿದ.

“ಎಡಗಡೇದ್ರಲ್ಲಿ ಗಾಳಿ ಕಮ್ಮಿ ಇದೆ. ಸ್ವಲ್ಪ ಮುಂದಕ್ಕೆ ತಗೋ.”