ನೋಡಿದವರ ಹೊಣೆ

ಬೆಂಗಳೂರಿನ ಸಿದ್ದಾಪುರ ಲಾಲ್‌ಬಾಗಿನ ಬೆನ್ನಿಗೆ ಅಂಟಿಕೊಂಡಂತಿರುವ ಬಡಾವಣೆ. ಗಿಡಗಳ ನರ್ಸರಿಗಳಿಗೆ ಹೆಸರಾದದ್ದು. ಒಂದು ಮಗ್ಗುಲಲ್ಲಿ ಜಯನಗರದ ಅಗಲ ರಸ್ತೆಗಳು, ಇನ್ನೊಂದು ಮಗ್ಗುಲಲ್ಲಿ ವಿಲ್ಸನ್ ಗಾರ್ಡನ್. ಇಲ್ಲಿಂದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ದೂರವೇನಲ್ಲ. ಆಟೊ ಹತ್ತಿ ನಾಲ್ಕು ಮಾತಾಡುವಷ್ಟರಲ್ಲಿ ಬಂದುಬಿಡುತ್ತದೆ. 1973ರಲ್ಲಿ ಶುರುವಾದ ಆ ಆಸ್ಪತ್ರೆಗೆ ಬೀದರಿನಿಂದ, ಚಾಮರಾಜನಗರದಿಂದ, ಗಡಿಯಾಚೆಯ ಆಂಧ್ರ, ತಮಿಳುನಾಡುಗಳಿಂದ ಜನ ರಾತ್ರಿ ಬಸ್ಸು ಹಿಡಿದು ಬರುತ್ತಾರೆ. ಹಾಗಿದ್ದರೆ ಸಿದ್ದಾಪುರದ ಹೆಣ್ಣುಮಕ್ಕಳು ಅದೃಷ್ಟವಂತರೇ? ಜಯನಗರದ ನಾಲ್ಕಾರು ಮನೆಗಳಲ್ಲಿ ಪಾತ್ರೆ ತೊಳೆದು, ನೆಲ ಒರೆಸಿ ಸಂಜೆ ಮನೆಗೆ ಮರಳುವ ನಲವತ್ತರ ಹೆಂಗಸಿಗೆ ಆ ಆಸ್ಪತ್ರೆ ನಿಜಕ್ಕೂ ಹತ್ತಿರವಿದೆಯೇ?

ಕನ್ನಡದಲ್ಲಿ ನಾವು 'ಕೈಗೆಟುಕುವುದು' ಎನ್ನುತ್ತೇವೆ. ಒಳ್ಳೆಯ ಮಾತು. ವಸ್ತು ಎಲ್ಲಿದೆ ಎನ್ನುವುದರ ಜೊತೆಗೆ ಕೈ ಯಾರದು, ಅದು ಎಷ್ಟು ಉದ್ದ, ಆ ಕೈಯಲ್ಲಿ ಆಗಲೇ ಏನೇನು ಹಿಡಿದಿದ್ದಾರೆ ಎನ್ನುವುದನ್ನೂ ಅದು ಕೇಳುತ್ತದೆ. ಗರ್ಭಕಂಠದ ಕ್ಯಾನ್ಸರಿನ ತಪಾಸಣೆಯನ್ನು ಎಲ್ಲರಿಗೂ ತಲುಪಿಸುವ ಚರ್ಚೆಗಳನ್ನು ಓದುವಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಅಲ್ಲಿ ವಸ್ತುವಿನ ಬಗ್ಗೆ ಬಹಳ ಮಾತಿದೆ, ಕೈಯ ಬಗ್ಗೆ ಕಡಿಮೆ.

ಈ ರೋಗದ ಸ್ವಭಾವವನ್ನು ಮೊದಲು ಹೇಳಬೇಕು, ಏಕೆಂದರೆ ನೈತಿಕ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ. ಎಚ್‌ಪಿವಿ ಎಂಬ ವೈರಾಣುವಿನ ಕೆಲವು ಬಗೆಗಳು ವರ್ಷಗಟ್ಟಲೆ ಮೈಯಲ್ಲಿ ಉಳಿದುಕೊಂಡರೆ ಗರ್ಭಕಂಠದ ಕೋಶಗಳು ನಿಧಾನವಾಗಿ ಕೆಡತೊಡಗುತ್ತವೆ. ಈ ಸಂಬಂಧವನ್ನು ತೋರಿಸಿದ ಹರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಸೋಂಕಿನಿಂದ ಕ್ಯಾನ್ಸರಿನವರೆಗಿನ ದಾರಿ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷಗಳದು. ಆ ದಾರಿಯಲ್ಲಿ ಎಲ್ಲಾದರೂ ಒಮ್ಮೆ ಕಣ್ಣಿಟ್ಟು ನೋಡಿದರೆ, ಕೆಟ್ಟ ಭಾಗವನ್ನು ಕೆಲವೇ ನಿಮಿಷಗಳಲ್ಲಿ ಸುಟ್ಟು ತೆಗೆಯಬಹುದು. ಇಷ್ಟು ಕಾಲಾವಕಾಶ ಕೊಡುವ ಕ್ಯಾನ್ಸರ್ ಅಪರೂಪ. ಆದರೂ 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷದಲ್ಲೇ ಸುಮಾರು 1,27,000 ಮಹಿಳೆಯರಿಗೆ ಹೊಸದಾಗಿ ಈ ರೋಗ ಬಂತು, ಸುಮಾರು 80,000 ಮಂದಿ ಸತ್ತರು. ತಡೆಯಲು ಬಾರದ ಸಾವನ್ನು ವಿಧಿ ಎನ್ನಬಹುದು. ಇಪ್ಪತ್ತು ವರ್ಷ ಬಾಗಿಲಲ್ಲಿ ಕಾದು ನಿಂತು ಆಮೇಲೆ ಒಳಗೆ ಬಂದ ಸಾವಿಗೆ ಬೇರೆ ಹೆಸರು ಹುಡುಕಬೇಕಾಗುತ್ತದೆ.

ನೋಡುವ ದಾರಿಗಳು ಮೂರು. 1940ರ ದಶಕದಲ್ಲಿ ಪಾಪನಿಕೊಲಾವ್ ರೂಪಿಸಿದ ಪ್ಯಾಪ್ ಸ್ಮಿಯರ್ ಮೊದಲನೆಯದು. ಅದಕ್ಕೆ ಪ್ರಯೋಗಾಲಯ ಬೇಕು, ಸ್ಲೈಡ್ ಓದಬಲ್ಲ ನುರಿತ ಕಣ್ಣು ಬೇಕು, ಫಲಿತಾಂಶಕ್ಕೆ ಮತ್ತೊಮ್ಮೆ ಬರಬೇಕು. ಎರಡನೆಯದು ವಿನೆಗರ್ ಪರೀಕ್ಷೆ: ಶೇ 3ರಿಂದ 5ರಷ್ಟು ಅಸಿಟಿಕ್ ಆಮ್ಲದ ದ್ರಾವಣ ಹಚ್ಚಿ ಒಂದು ನಿಮಿಷ ಕಾದರೆ ಕೆಟ್ಟ ಜಾಗ ಬೆಳ್ಳಗೆ ಕಾಣುತ್ತದೆ. ತರಬೇತಿ ಪಡೆದ ನರ್ಸ್ ಇದನ್ನು ಮಾಡಬಲ್ಲರು. ಮೂರನೆಯದು ವೈರಾಣುವನ್ನೇ ಪತ್ತೆಹಚ್ಚುವ ಎಚ್‌ಪಿವಿ ಪರೀಕ್ಷೆ. ಇದಕ್ಕೆ ಬೇಕಾದ ಮಾದರಿಯನ್ನು ಹೆಂಗಸು ತಾನೇ, ಮರೆಯಲ್ಲಿ, ಒಂದು ಕಡ್ಡಿಯಿಂದ ತೆಗೆದುಕೊಡಬಹುದು. 30ರಿಂದ 65 ವರ್ಷದ ಎಲ್ಲ ಮಹಿಳೆಯರಿಗೂ ಐದು ವರ್ಷಕ್ಕೊಮ್ಮೆ ವಿನೆಗರ್ ಪರೀಕ್ಷೆ ಆಗಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಮಾರ್ಗಸೂಚಿ ಹೊರಡಿಸಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಬದುಕಿನಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡೆ ಎಂದವರು 30ರಿಂದ 49 ವಯಸ್ಸಿನವರಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ನೆರೆಯ ತಮಿಳುನಾಡಿನಲ್ಲಿ ಅದು ಹತ್ತರ ಹತ್ತಿರ. ಕರ್ನಾಟಕ ದೇಶದ ಸರಾಸರಿಗಿಂತಲೂ ಹಿಂದೆ.

ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಇಂಥ ತಪಾಸಣೆಯ ಪೋಸ್ಟರ್ ನೋಡಿದ್ದ, ನಮ್ಮ ಬೀದಿಯ ಮನೆಗಳಲ್ಲಿ ಕೆಲಸ ಮಾಡುವ ಒಬ್ಬರನ್ನು ಹೋಗಿ ಮಾಡಿಸಿಕೊಂಡಿರಾ ಎಂದು ಕೇಳಿದ್ದೆ. ಅವರು ನಕ್ಕು, "ಅಲ್ಲಾ ಅಕ್ಕಾ, ಇದೆ ಅಂತ ಹೇಳ್ಬಿಟ್ರೆ ಆಮೇಲೆ ನಾನೇನ್ ಮಾಡ್ಲಿ? ಗೊತ್ತಿಲ್ದಿದ್ರೆ ಕೆಲಸಕ್ಕಾದ್ರೂ ಹೋಗ್ತಿರ್ತೀನಿ" ಎಂದರು. ಭಯ, ಅಜ್ಞಾನ, ಸಂಕೋಚ ಎಂದು ಇದಕ್ಕೆ ಸುಲಭವಾಗಿ ಹೆಸರಿಡಬಹುದು. ನನಗೆ ಹಾಗನ್ನಿಸಲಿಲ್ಲ. ಅದು ಕಟ್ಟುನಿಟ್ಟಾದ ತಾತ್ವಿಕ ಪ್ರಶ್ನೆ. ಏನೂ ಮಾಡಲಾಗದ ಅರಿವು ಒಳ್ಳೆಯದೇ? ಅರಿವು ಕೊಟ್ಟವರಿಗೆ ಅದರಾಚೆಗೆ ಹೊಣೆ ಇದೆಯೇ?

ಅರಿವು ನಮ್ಮಲ್ಲಿ ದೊಡ್ಡ ಮಾತು. ಆದರೆ ಶರಣರು ಅದನ್ನು ಒಂಟಿಯಾಗಿ ಬಿಡಲಿಲ್ಲ, ಆಚಾರದ ಜೊತೆ ಕಟ್ಟಿಹಾಕಿದರು. ನಡೆಗಿಳಿಯದ ಅರಿವಿಗೆ ಅವರಲ್ಲಿ ಬೆಲೆಯಿಲ್ಲ. ವೈದ್ಯಕೀಯವೂ ತನ್ನದೇ ಭಾಷೆಯಲ್ಲಿ ಇದನ್ನು ಹೇಳಿದೆ. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಬರೆದ ತಪಾಸಣೆಯ ತತ್ವಗಳಲ್ಲಿ ಒಂದು: ರೋಗವನ್ನು ಖಚಿತಪಡಿಸಿಕೊಳ್ಳುವ, ಚಿಕಿತ್ಸೆ ಕೊಡುವ ಅನುಕೂಲ ಇರಬೇಕು. ರೋಗದ ಲಕ್ಷಣವಿಲ್ಲದೆ, ತನ್ನ ಪಾಡಿಗೆ ತಾನಿದ್ದವಳನ್ನು ಕರೆದು ನೋಡುವುದು ತಪಾಸಣೆ. ನೋವೆಂದು ತಾನಾಗಿ ಬಂದವಳ ಮುಂದೆ ವೈದ್ಯರಿಗೆ ಇರುವ ಹೊಣೆಗಿಂತ ಕರೆದು ನೋಡಿದವರ ಹೊಣೆ ದೊಡ್ಡದು. ಕರೆದವರು ನಾವು.

ಈ ತತ್ವವನ್ನು ತಲೆಕೆಳಗಾಗಿಯೂ ಬಳಸಬಹುದು, ಬಳಸಿದ್ದಾರೆ ಕೂಡ: ಚಿಕಿತ್ಸೆಯ ವ್ಯವಸ್ಥೆ ಪೂರ್ಣವಾಗುವವರೆಗೆ ನೋಡುವುದೇ ಬೇಡ ಎಂದು. ಕೇಳಲು ಸಭ್ಯವಾಗಿದೆ. ಆದರೆ ಕಾಯುವಷ್ಟು ದಿನವೂ ಸಾಯುವವರು ಕಾಯಿಸಿದವರಲ್ಲ. ಇನ್ನೊಂದು ಕಡೆಯವರು, ಮೊದಲು ನೋಡೋಣ, ಸಂಖ್ಯೆ ಬಂದರೆ ಸರ್ಕಾರ ಎಚ್ಚೆತ್ತುಕೊಳ್ಳುತ್ತದೆ ಎನ್ನುತ್ತಾರೆ. ಇದರಲ್ಲೂ ನಿಜವಿದೆ. ಆದರೆ ಸರ್ಕಾರವನ್ನು ಎಬ್ಬಿಸಲು ಒಬ್ಬ ಹೆಂಗಸಿನ ದೇಹ ಗಂಟೆಯಾಗಬೇಕೇ? ಈ ಪ್ರಶ್ನೆ ಬರಿಯ ತರ್ಕದ್ದಲ್ಲ. ನಮ್ಮ ಗಡಿಯಾಚೆಗೇ ಅದು ನಡೆದಿದೆ.

ಕಲ್ಯಾಣ ಕರ್ನಾಟಕಕ್ಕೆ ತಾಗಿಕೊಂಡ ಮಹಾರಾಷ್ಟ್ರದ ಜಿಲ್ಲೆ ಉಸ್ಮಾನಾಬಾದ್, ಈಗಿನ ಧಾರಾಶಿವ. ತುಳಜಾಪುರದ ಭವಾನಿಗೆ ನಡೆದುಕೊಳ್ಳುವ ಉತ್ತರ ಕರ್ನಾಟಕದವರಿಗೆ ಪರಿಚಿತ ನೆಲ. 1999ರಿಂದ ಅಲ್ಲಿನ ಹಳ್ಳಿಗಳ 30ರಿಂದ 59 ವಯಸ್ಸಿನ 1,31,746 ಮಹಿಳೆಯರನ್ನು ನಾಲ್ಕು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಎಚ್‌ಪಿವಿ ಪರೀಕ್ಷೆ, ಒಂದಕ್ಕೆ ಪ್ಯಾಪ್, ಒಂದಕ್ಕೆ ವಿನೆಗರ್. ನಾಲ್ಕನೆಯ ಗುಂಪಿಗೆ ಪರೀಕ್ಷೆಯಿಲ್ಲ. ರೋಗದ ಬಗ್ಗೆ ತಿಳಿವಳಿಕೆ ಹೇಳಿ, ಬೇಕಾದರೆ ಆಸ್ಪತ್ರೆಗೆ ಹೋಗಬಹುದು ಎಂದರು. 2009ರಲ್ಲಿ ಫಲಿತಾಂಶ ಬಂತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಆದ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34. ಏನೂ ಇಲ್ಲದ ಗುಂಪಿನಲ್ಲಿ 64. ಪ್ಯಾಪ್ 54, ವಿನೆಗರ್ 56. ಇದೇ ಹೊತ್ತಿಗೆ ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಮಹಿಳೆಯರೊಂದಿಗೆ ನಡೆಸಿದ ಅಧ್ಯಯನದಲ್ಲಿ, ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಸುತ್ತು ವಿನೆಗರ್ ಪರೀಕ್ಷೆ ಮಾಡಿದಾಗ ಸಾವು ಶೇ 31ರಷ್ಟು ಇಳಿಯಿತು. ಅಲ್ಲಿಯೂ ಅರ್ಧದಷ್ಟು ಮಂದಿಗೆ ತಪಾಸಣೆ ಇರಲಿಲ್ಲ.

ಅಮೆರಿಕದ ರೋಗಶಾಸ್ತ್ರಜ್ಞ ಎರಿಕ್ ಸೂಬಾ 2014ರಲ್ಲಿ ಭಾರತದ್ದೇ ವೈದ್ಯಕೀಯ ನೀತಿಶಾಸ್ತ್ರದ ಪತ್ರಿಕೆಯೊಂದರಲ್ಲಿ ಇದನ್ನು ಎತ್ತಿದರು. ಉಸ್ಮಾನಾಬಾದ್, ಮುಂಬೈ ಮತ್ತು ತಮಿಳುನಾಡಿನ ದಿಂಡಿಗಲ್ ಅಧ್ಯಯನಗಳ ತಪಾಸಣೆಯಿಲ್ಲದ ಗುಂಪುಗಳಲ್ಲಿ 254 ಮಹಿಳೆಯರು ಸತ್ತಿದ್ದಾರೆ, ತಪಾಸಣೆ ಸಾವನ್ನು ತಡೆಯುತ್ತದೆಂದು ಮೊದಲೇ ಗೊತ್ತಿದ್ದಾಗ ಇದು ಸರಿಯೇ ಎಂದು ಕೇಳಿದರು. ಅಧ್ಯಯನ ನಡೆಸಿದವರ ಉತ್ತರ ಹೀಗಿತ್ತು: ಈ ದೇಶದಲ್ಲಿ ಸಾಮಾನ್ಯವಾಗಿ ಯಾರಿಗೂ ತಪಾಸಣೆ ಸಿಗುತ್ತಿರಲಿಲ್ಲ, ಆದ್ದರಿಂದ ಆ ಗುಂಪಿನಿಂದ ನಾವು ಏನನ್ನೂ ಕಿತ್ತುಕೊಳ್ಳಲಿಲ್ಲ.

ಈ ಉತ್ತರದ ಮುಂದೆ ನಾನು ಬಹಳ ಹೊತ್ತು ನಿಲ್ಲುತ್ತೇನೆ. ಇಲ್ಲದಿರುವುದನ್ನೇ ಅಳತೆಗೋಲು ಮಾಡಿಕೊಂಡರೆ ಬಡವರಿಗೆ ಮಾಡುವ ಯಾವ ಅನ್ಯಾಯವೂ ಅನ್ಯಾಯವಾಗಿ ಕಾಣುವುದಿಲ್ಲ, ಏಕೆಂದರೆ ಅವರ ಬಳಿ ಕಿತ್ತುಕೊಳ್ಳುವಂಥದ್ದು ಏನೂ ಇರುವುದಿಲ್ಲ. ಹಾಗೆಂದು ಸಂಶೋಧಕರನ್ನು ಖಳರೆಂದು ಬರೆದು ಕೈತೊಳೆದುಕೊಳ್ಳುವುದೂ ಪ್ರಾಮಾಣಿಕವಲ್ಲ. ಬಡ ದೇಶಗಳಲ್ಲಿ ಎಚ್‌ಪಿವಿ ಪರೀಕ್ಷೆಯೇ ಮೇಲು ಎಂಬ ಮಾತಿಗೆ ಗಟ್ಟಿ ಆಧಾರ ಸಿಕ್ಕಿದ್ದು ಆ ಹಳ್ಳಿಗಳಿಂದ. ಹತ್ತನೆಯ ತರಗತಿ ಓದಿದ, ನಾಲ್ಕು ವಾರ ತರಬೇತಿ ಪಡೆದ ಹೆಂಗಸರು ಸಾವನ್ನು ಹಿಂದಕ್ಕೆ ತಳ್ಳಬಲ್ಲರೆಂದು ಜಗತ್ತಿಗೆ ತಿಳಿದದ್ದು ಮುಂಬೈಯ ಆ ಗಲ್ಲಿಗಳಿಂದ.

ಹಾಗಾಗಿ ನನ್ನ ವಾದ ಬೇರೆ. ಈ ಅಧ್ಯಯನಗಳನ್ನು ಸಮರ್ಥಿಸಿದವರು ಕೊಟ್ಟ ಕಾರಣ ಮುಂದೆ ಬರಲಿರುವ ಒಳಿತು. ಇವರು ಕಾದರೆ ಮುಂದಿನವರಿಗೆ ಸಿಗುತ್ತದೆ ಎಂದು. ಇದು ಒಂದು ಬಗೆಯ ಸಾಲಪತ್ರ. 64 ಮಂದಿಯ ಸಾವನ್ನು ಅಡವಿಟ್ಟು ಬರೆದುಕೊಂಡದ್ದು. ಸಾಲ ತೀರಿಸಿದರೂ ಆ ಸಾವುಗಳು ಸರಿಯಾಗುವುದಿಲ್ಲ. ಒಪ್ಪಿಗೆ ಕೇಳಿದ್ದು ಸಾಕಷ್ಟಿತ್ತೇ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಆದರೆ ತೀರಿಸದಿದ್ದರೆ, ಕೊಟ್ಟ ಒಂದೇ ಒಂದು ಸಮರ್ಥನೆಯೂ ಬಿದ್ದುಹೋಗುತ್ತದೆ. ಫಲಿತಾಂಶ ಬಂದು ಹತ್ತು ವರ್ಷವಾದ ಮೇಲೂ ನೂರಕ್ಕೆ ಇಬ್ಬರಿಗೂ ತಪಾಸಣೆಯಾಗಿರಲಿಲ್ಲ. ಸಿದ್ದಾಪುರದ ಹೆಂಗಸಿಗೆ ಅದು ಸಿಗದಿರುವುದನ್ನು ನಾವು ಸೌಲಭ್ಯದ ಕೊರತೆ ಎಂದು ಕರೆಯುತ್ತೇವೆ. ಅದು ಮಾತು ತಪ್ಪಿದ್ದು.

ಸಾಲ ತೀರಿಸಲು ಸಾಧನಗಳಿಲ್ಲವೆಂದು ಈಗ ಯಾರೂ ಹೇಳುವಂತಿಲ್ಲ, ಬೆಂಗಳೂರಿನಲ್ಲಂತೂ ಹೇಳುವಂತೆಯೇ ಇಲ್ಲ. ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಯಂತ್ರದಲ್ಲಿ ಚಿಪ್ ಹಾಕಿ ಸೋಂಕು ಪತ್ತೆಹಚ್ಚುವ ಟ್ರೂನ್ಯಾಟ್ ತಂತ್ರಜ್ಞಾನ ಬೆಳೆದದ್ದು ಇದೇ ಊರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ. ಅದರಲ್ಲಿ ಈಗ ಎಚ್‌ಪಿವಿ ಪರೀಕ್ಷೆಯೂ ಇದೆ. ಪ್ಯಾಪ್ ಸ್ಲೈಡುಗಳನ್ನು ಕೃತಕ ಬುದ್ಧಿಮತ್ತೆಯಿಂದ ಓದಿಸುವ ಐಂದ್ರ ಎಂಬ ಕಂಪನಿಯೂ ಇಲ್ಲಿಯದೇ. ಇಂಥವರ ಕೆಲಸದ ಬಗ್ಗೆ ನನಗೆ ಗೌರವವಿದೆ. ನನಗೆ ತಕರಾರಿರುವುದು ಹೂಡಿಕೆಯ ಜಗತ್ತು ನಮ್ಮನ್ನು ಕರೆಯುವ 'ಉದಯೋನ್ಮುಖ ಮಾರುಕಟ್ಟೆ' ಎಂಬ ಹೆಸರಿನ ಬಗ್ಗೆ. ಮಾರುಕಟ್ಟೆಯಲ್ಲಿ ವಸ್ತು ಕೈ ಬದಲಾಯಿಸಿದರೆ ವ್ಯವಹಾರ ಮುಗಿಯಿತು. ತಪಾಸಣೆಯಲ್ಲಿ ವ್ಯವಹಾರ ಶುರುವಾಗುವುದೇ ಅಲ್ಲಿ. 'ಪಾಸಿಟಿವ್' ಎಂಬ ಚೀಟಿ ಹಿಡಿದ ಹೆಂಗಸು ಮತ್ತೊಂದು ಪರೀಕ್ಷೆಗೆ ಎರಡು ದಿನ ರಜೆ ಹಾಕಬೇಕು, ಎರಡು ದಿನದ ಕೂಲಿ ಬಿಡಬೇಕು, ಗಂಡನಿಗೆ ಹೇಳಬೇಕು. ಇದು ಲೈಂಗಿಕ ಸಂಪರ್ಕದಿಂದ ಹರಡುವ ವೈರಾಣು ಎಂದು ಗೊತ್ತಾದಾಗ ಮನೆಯಲ್ಲಿ ಕೇಳುವ ಮೊದಲ ಪ್ರಶ್ನೆ ಯಾರ ಕಡೆಗೆ ತಿರುಗುತ್ತದೆಂದು ಓದುಗರಿಗೆ ನಾನು ಹೇಳಬೇಕಿಲ್ಲ.

ಅರೆಬರೆ ಅರಿವು ಎಷ್ಟು ಅಪಾಯಕಾರಿ ಎನ್ನುವುದಕ್ಕೆ ಕಲಬುರಗಿ ಸಾಕ್ಷಿ. ಅಲ್ಲಿನ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ಹೊಟ್ಟೆನೋವು, ಬಿಳಿ ಮುಟ್ಟೆಂದು ಖಾಸಗಿ ಆಸ್ಪತ್ರೆಗಳಿಗೆ ಹೋಗಿ, ಮುಂದೆ ಕ್ಯಾನ್ಸರ್ ಆಗುತ್ತದೆಂಬ ಮಾತಿಗೆ ಹೆದರಿ, ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡ ಪ್ರಕರಣಗಳು ಹತ್ತು ವರ್ಷದ ಹಿಂದೆ ಬಯಲಾದವು. ಜನಾರೋಗ್ಯ ಚಳವಳಿಯವರು ಹೋರಾಡಿದರು. ಕ್ಯಾನ್ಸರಿನ ಹೆಸರು ತಾಂಡಾಗಳಿಗೆ ತಲುಪಿತ್ತು, ತಪಾಸಣೆ ತಲುಪಿರಲಿಲ್ಲ. ಭಯ ಮೊದಲು ಹೋಗಿ ಜಾಗ ಹಿಡಿದರೆ ಅದರ ಹಿಂದೆಯೇ ಕತ್ತರಿ ಬರುತ್ತದೆ. ಹೀಗಿರುವಾಗ 'ಗೊತ್ತಾದ ಮೇಲೆ ನಾನೇನು ಮಾಡಲಿ' ಎಂಬ ಅನುಮಾನವನ್ನು ಅಜ್ಞಾನ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅದು ಅನುಭವದಿಂದ ಬಂದ ಎಚ್ಚರ.

ಹಾಗಾದರೆ ಏನು ಸರಿ? ನೋಡುವುದನ್ನು ನಿಲ್ಲಿಸುವುದಲ್ಲ. ನೋಡುವುದು ಎಲ್ಲಿಗೆ ಮುಗಿಯುತ್ತದೆ ಎನ್ನುವುದನ್ನು ಮುಂದಕ್ಕೆ ಸರಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇಟ್ಟ ಗುರಿಯಲ್ಲಿ 35 ಮತ್ತು 45ರ ವಯಸ್ಸಿಗೆ ಶೇ 70 ಮಹಿಳೆಯರಿಗೆ ತಪಾಸಣೆಯಾಗಬೇಕು ಎಂಬುದರ ಪಕ್ಕದಲ್ಲೇ, ರೋಗ ಕಂಡವರಲ್ಲಿ ಶೇ 90 ಮಂದಿಗೆ ಚಿಕಿತ್ಸೆ ಸಿಗಬೇಕು ಎಂದಿದೆ. ನಾವು ಮೊದಲನೆಯ ಸಂಖ್ಯೆಯನ್ನು ಭಾಷಣಗಳಲ್ಲಿ ಹೇಳುತ್ತೇವೆ, ಎರಡನೆಯದನ್ನು ಮರೆಯುತ್ತೇವೆ. ಎಷ್ಟು ಮಂದಿಯನ್ನು ಪರೀಕ್ಷಿಸಿದೆವು ಎಂಬ ಲೆಕ್ಕ ಶಿಬಿರದ ಫೋಟೊಗೆ ಸಾಕು. ಪಾಸಿಟಿವ್ ಬಂದವರಲ್ಲಿ ಎಷ್ಟು ಮಂದಿಗೆ ಚಿಕಿತ್ಸೆ ಮುಗಿಯಿತು ಎನ್ನುವುದೇ ನೀತಿಯ ಲೆಕ್ಕ. ಅದನ್ನು ಕೇಳಲು ವಿದ್ಯಾರ್ಥಿಗಳಿಗೆ, ಓದುಗರಿಗೆ ವೈದ್ಯಕೀಯ ಗೊತ್ತಿರಬೇಕಿಲ್ಲ. ಮಾದರಿಯನ್ನು ತಾನೇ ಮನೆಯಲ್ಲಿ ತೆಗೆದುಕೊಡಲು ಅವಕಾಶವಿರುವುದು, ಸಾಧ್ಯವಿದ್ದ ಕಡೆ ಅದೇ ದಿನ ಚಿಕಿತ್ಸೆಯಾಗುವುದು, ನಮ್ಮ ಕ್ಲಿನಿಕ್ ಸಂಜೆ ಅಥವಾ ಭಾನುವಾರ ತೆರೆದಿರುವುದು, ಚೀಟಿ ಕೊಟ್ಟ ಆಶಾ ಕಾರ್ಯಕರ್ತೆಯೇ ದೊಡ್ಡಾಸ್ಪತ್ರೆಯ ಸಾಲಿನಲ್ಲಿ ಜೊತೆಗೆ ನಿಲ್ಲುವುದು, ಮನೆಕೆಲಸದವರು ತಪಾಸಣೆಗೆ ಹೋದ ದಿನದ ಸಂಬಳ ಕಡಿಯದಿರುವುದು. ಇವುಗಳಲ್ಲಿ ಕೊನೆಯದಕ್ಕೆ ಸರ್ಕಾರದ ಆದೇಶವೂ ಬೇಡ. ಜಯನಗರದ ಮನೆಯೊಡತಿ, ಮನೆಯೊಡೆಯರು ಮನಸ್ಸು ಮಾಡಿದರೆ ಸಾಕು.

ಇವೆಲ್ಲ ತೀರ ಸಣ್ಣ ಸಂಗತಿಗಳು, ತತ್ವಶಾಸ್ತ್ರದ ಪುಸ್ತಕಗಳಲ್ಲಿ ಇವಕ್ಕೆ ಜಾಗವಿಲ್ಲ. ಆದರೆ ವಸ್ತುವಿಗೂ ಕೈಗೂ ನಡುವೆ ಇರುವ ದೂರ ಇಂಥವುಗಳಿಂದಲೇ ಆಗಿದೆ. ಕಿದ್ವಾಯಿಯಿಂದ ಸಿದ್ದಾಪುರಕ್ಕೆ ಇರುವ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವವರೆಗೆ ಅದು ಕಡಿಮೆಯಾಗಿಯೇ ಕಾಣುತ್ತದೆ. ಒಂದು ದಿನದ ಕೂಲಿಯಲ್ಲಿ, ಗಂಡನ ಮುಖಭಾವದಲ್ಲಿ, ಎರಡನೆಯ ಸಲ ಕರೆಯುವ ಒಂದು ಫೋನಿನಲ್ಲಿ ಅಳೆದು ನೋಡಬೇಕು.