ಗೇಟು ತೆಗೆದವರು ಯಾರು?

ಚೆಂಬರಂಬಾಕಂ ಕೆರೆ ತುಂಬಿದರೆ 24 ಅಡಿ ನೀರು, 3,645 ದಶಲಕ್ಷ ಘನ ಅಡಿ. ಚೆನ್ನೈ ಕುಡಿಯುವ ನೀರಿನ ದೊಡ್ಡ ಆಸರೆಗಳಲ್ಲಿ ಅದೊಂದು. 2015ರ ನವೆಂಬರ್ ತಿಂಗಳಲ್ಲೇ ನಗರದ ಮಳೆ ಸಾವಿರ ಮಿಲಿಮೀಟರ್ ದಾಟಿತ್ತು. ಡಿಸೆಂಬರ್ 1ರಂದು ತಾಂಬರಂನಲ್ಲಿ ಮತ್ತೆ 49 ಸೆಂಟಿಮೀಟರ್ ಸುರಿಯಿತು. ಅಂದು ಕೆರೆಯಿಂದ ಅಡಯಾರು ನದಿಗೆ 29,000 ಕ್ಯೂಸೆಕ್ ನೀರು ಬಿಟ್ಟರು. ಸೈದಾಪೇಟೆ, ಜಾಫರ್‌ಖಾನ್‌ಪೇಟೆ, ಕೋಟೂರುಪುರಂನ ಮನೆಗಳಿಗೆ ನದಿ ನುಗ್ಗಿತು.

ನಮ್ಮ ಬೀದಿಯಲ್ಲಿ ಮನೆಗೆಲಸ ಮಾಡುತ್ತಿದ್ದ ಹೆಂಗಸೊಬ್ಬರ ಸೈದಾಪೇಟೆಯ ಗುಡಿಸಲು ಆ ರಾತ್ರಿ ಕೊಚ್ಚಿಹೋಯಿತು. ನಾನು ಪಾಲಿಟೆಕ್ನಿಕ್ಕಿನಲ್ಲಿ ಕಂಟ್ರೋಲ್ ಎಂಜಿನಿಯರಿಂಗ್ ಕಲಿಸುತ್ತಿದ್ದವನೆಂದು ಆಕೆಗೆ ಗೊತ್ತಿತ್ತು. “ಯಾರ್ ಸಾರ್ ತೊರಂದಾಂಗ?” ಎಂದು ಕೇಳಿದರು. ಗೇಟು ತೆಗೆದವರು ಯಾರು? ಸಿಟ್ಟಿನ ದನಿಯಲ್ಲ, ನಿಜಕ್ಕೂ ತಿಳಿಯಬೇಕೆಂಬ ದನಿ. ನಿವೃತ್ತನಾದ ಮೇಲೆ ನನ್ನನ್ನು ಇಷ್ಟು ಕಾಡಿದ ಪ್ರಶ್ನೆ ಬೇರೊಂದಿಲ್ಲ.

ನಾನು ಕಲಿಸಿದ ಶಾಸ್ತ್ರದ ಬಳಿ ಇದಕ್ಕೊಂದು ಉತ್ತರವಿದೆ. ಬೇಸಿಗೆಯ ಬಾಯಾರಿಕೆಗೆ ಹೆದರಿ ಕೆರೆಯನ್ನು ತುಂಬಿಟ್ಟಿರಬೇಕು, ಮಳೆಗೆ ಹೆದರಿ ಖಾಲಿ ಇಟ್ಟಿರಬೇಕು: ಒಂದೇ ಕೆರೆಗೆ ಎರಡು ವಿರುದ್ಧ ಆಜ್ಞೆಗಳು. ಅಡಯಾರಿಗೆ ನೀರು ಬರುವುದು ಇದೊಂದೇ ಕೆರೆಯಿಂದಲೂ ಅಲ್ಲ; ಆದನೂರು, ತಾಂಬರಂ ಕಡೆಯ ಹತ್ತಾರು ಕೆರೆಗಳ ಕೋಡಿ ಅದಕ್ಕೆ ಸೇರುತ್ತದೆ, ಅವುಗಳಲ್ಲಿ ಹೆಚ್ಚಿನವಕ್ಕೆ ಗೇಟೇ ಇಲ್ಲ. ವಿಮಾನ ನಿಲ್ದಾಣದ ಒಂದು ರನ್‌ವೇ ನದಿಯ ಮೇಲೆಯೇ ಹಾದಿದೆ. ದಂಡೆ ಒತ್ತಿ ಮನೆಗಳೆದ್ದಿವೆ. ಆಳುವ ವ್ಯವಸ್ಥೆಗೆ ಹೊರಗಿನ ಆಘಾತಗಳಷ್ಟೇ ಬಗೆಬಗೆಯ ಮರುನಡೆಗಳು ಗೊತ್ತಿರಬೇಕು ಎಂದು ಸೈಬರ್ನೆಟಿಕ್ಸ್ ಎಂಬ ನಿಯಂತ್ರಣಶಾಸ್ತ್ರದ ವಿದ್ವಾಂಸ ರಾಸ್ ಆಶ್ಬಿ 1956ರಲ್ಲಿ ಬರೆದರು. ಗೇಟನ್ನು ಎತ್ತುವುದು, ಇಳಿಸುವುದು, ಇವೆರಡೇ ಗೊತ್ತಿರುವ ವ್ಯವಸ್ಥೆ ಅಂಥ ಮಳೆಯ ಎದುರು ಸೋತೇ ಸೋಲುತ್ತದೆ. ಹಾಗಾದರೆ ಗೇಟು ತೆಗೆದವರು ಯಾರೂ ಅಲ್ಲ, ಎಲ್ಲರೂ.

ಈ ಉತ್ತರ ಸುಳ್ಳಲ್ಲ. ಆದರೆ ಗುಡಿಸಲು ಕಳೆದುಕೊಂಡವರ ಮುಖ ನೋಡಿ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಮಹಾಲೇಖಪಾಲರ ವರದಿ 2018ರಲ್ಲಿ ವಿಧಾನಸಭೆಗೆ ಬಂತು, ಇದು ಮನುಷ್ಯರೇ ತಂದ ವಿಪತ್ತು ಎಂದಿತು. ಮನುಷ್ಯರು ಎಂದರೆ ಯಾರು?

ಈ ಪ್ರಶ್ನೆಗೆ ನನಗೆ ದಾರಿ ಕಂಡದ್ದು ಮನೆಯ ಪಾಠದಲ್ಲಿ. ನಮ್ಮದು ಮಾಧ್ವ ಮನೆತನ. ತಿರುವಲ್ಲಿಕ್ಕೇಣಿಯ ಮನೆಯಲ್ಲಿ ತಂದೆ ಗೀತೆಯ ಹದಿನೆಂಟನೆಯ ಅಧ್ಯಾಯ ಪಾಠ ಹೇಳುತ್ತಿದ್ದರು. ಯಾವ ಕರ್ಮಕ್ಕೂ ಐದು ಕಾರಣಗಳು: ನೆಲೆ, ಕರ್ತೃ, ಕರಣಗಳು, ಬಗೆಬಗೆಯ ಚೇಷ್ಟೆಗಳು, ಕೊನೆಗೆ ದೈವ. ತಾನೊಬ್ಬನೇ ಮಾಡಿದೆ ಎನ್ನುವವನಿಗೆ ಕಣ್ಣಿಲ್ಲ. ಸೈಬರ್ನೆಟಿಕ್ಸ್ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಆದರೆ ಮಧ್ವಾಚಾರ್ಯರು ಅಲ್ಲಿಗೆ ನಿಲ್ಲುವುದಿಲ್ಲ. ಜೀವನಿಗೆ ಕರ್ತೃತ್ವವೇ ಇಲ್ಲವೆಂದರೆ ಮಾಡು, ಮಾಡಬೇಡ ಎನ್ನುವ ಶಾಸ್ತ್ರವೆಲ್ಲ ವ್ಯರ್ಥ. ಜೀವ ಕರ್ತನೇ ಹೌದು, ಸ್ವತಂತ್ರ ಕರ್ತನಲ್ಲ, ಅವನಿಗಿರುವುದು ದತ್ತಸ್ವಾತಂತ್ರ್ಯ. ಕೊಟ್ಟಷ್ಟು ಸ್ವಾತಂತ್ರ್ಯ, ಅದಕ್ಕೆ ತಕ್ಕ ಹೊಣೆ.

ಆಡಳಿತಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ. ಗೇಟಿನ ಚಕ್ರ ತಿರುಗಿಸಿದ ನೌಕರನ ಸ್ವಾತಂತ್ರ್ಯ ಅಂಗೈಯಷ್ಟು. ನವೆಂಬರ್ ಕೊನೆಯ ಒಣ ದಿನಗಳಲ್ಲಿ ಕೆರೆಯ ಮಟ್ಟ ಎಷ್ಟಿರಬೇಕೆಂದು ತೀರ್ಮಾನಿಸಬಲ್ಲವರದು ಇನ್ನೂ ದೊಡ್ಡದು. ನದಿಯ ಪಾತ್ರದಲ್ಲಿ ಕಟ್ಟಲು ಪರವಾನಗಿ ಕೊಟ್ಟವರದು ಅದಕ್ಕಿಂತ ದೊಡ್ಡದು, ಮತ್ತು ಅವರ ಮೇಲೆ ಗಡಿಯಾರದ ಒತ್ತಡವೂ ಇರಲಿಲ್ಲ. ಹೊಣೆಯನ್ನು ವ್ಯವಸ್ಥೆಯೊಳಗೆ ಕರಗಿಸದೆ ಹೀಗೆ ಹಂಚಲು ಬರುತ್ತದೆ.

ಹೀಗೆ ಹೊಣೆ ಹೊರಿಸಿದ ಹಳೆಯ ನಿದರ್ಶನವೂ ಇದೆ. ಚೆನ್ನೈನಿಂದ ಸುಮಾರು 90 ಕಿಲೋಮೀಟರ್ ದೂರದ ಉತ್ತಿರಮೇರೂರಿನಲ್ಲಿ, ಒಂದನೇ ಪರಾಂತಕ ಚೋಳನ ಕಾಲದ, ಕ್ರಿ.ಶ. 920ರ ಆಸುಪಾಸಿನ ಶಾಸನ ಗುಡಿಯ ಗೋಡೆಯ ಮೇಲಿದೆ. ಓಲೆಗರಿಯಲ್ಲಿ ಹೆಸರು ಬರೆದು ಕೊಡಕ್ಕೆ ಹಾಕಿ ಸಭೆಯ ಸಮಿತಿಗಳಿಗೆ ಆರಿಸುತ್ತಿದ್ದರು. ಕೆರೆಗೇ ಒಂದು ಸಮಿತಿ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರು ಕೊಡಕ್ಕೆ ಬೀಳುವಂತಿಲ್ಲ, ಅವನ ಬಂಧುಗಳದೂ ಇಲ್ಲ. ಬಂಧುಗಳನ್ನು ದಂಡಿಸಿದ್ದು ನನಗೆ ಒಪ್ಪಿಗೆಯಿಲ್ಲ. ಭೂಮಿಯೂ ವೇದವೂ ಇಲ್ಲದವರನ್ನು ಹೊರಗಿಟ್ಟ ಸಭೆ ಅದು ಎಂಬುದನ್ನೂ ಮರೆಯಲಾರೆ. ಆದರೂ ಕೆರೆ ಕಾಯುವವನಿಗೊಂದು ಹೆಸರಿತ್ತು, ಲೆಕ್ಕವಿತ್ತು, ಲೆಕ್ಕ ತಪ್ಪಿದರೆ ಫಲವಿತ್ತು. ಫೀಡ್‌ಬ್ಯಾಕ್ ಎಂದು ಬೋರ್ಡಿನ ಮೇಲೆ ನಾನು ಬಾಣ ಬರೆದು ತೋರಿಸುತ್ತಿದ್ದದ್ದು ಇದನ್ನೇ.

ಆ ಬಾಣ ಯಾರಿಂದ ಹೊರಡಬೇಕು ಎಂದು ಗಂಭೀರವಾಗಿ ಯೋಚಿಸಿದವರು ಸೈಬರ್ನೆಟಿಕ್ಸ್ ತಜ್ಞ ಸ್ಟಾಫರ್ಡ್ ಬೀರ್. 1971ರಿಂದ 1973ರವರೆಗೆ ಚಿಲಿಯಲ್ಲಿ ಅಧ್ಯಕ್ಷ ಅಯೆಂದೆಯ ಸರ್ಕಾರಕ್ಕಾಗಿ ಕಾರ್ಖಾನೆಗಳನ್ನು ಟೆಲೆಕ್ಸ್ ಜಾಲದಿಂದ ಬೆಸೆದರು. ಅದರಲ್ಲಿ ನೋವಿನ ಸಂಕೇತಕ್ಕೆ ಬೇರೆಯೇ ದಾರಿ: ಕೆಳಗಿನ ತೊಂದರೆ ಗೊತ್ತುಪಡಿಸಿದ ಅವಧಿಯಲ್ಲಿ ಬಗೆಹರಿಯದಿದ್ದರೆ ಸುದ್ದಿ ತಾನಾಗಿಯೇ ಮೇಲಿನ ಹಂತಕ್ಕೆ ಹೋಗಬೇಕು, ನಡುವಿನವರು ತಡೆಯುವಂತಿಲ್ಲ. ಸೇನಾದಂಗೆ ಆ ಪ್ರಯೋಗವನ್ನು ಮುಗಿಸಿತು. ಚೆನ್ನೈಯಲ್ಲಿ ಸುದ್ದಿ ಮೇಲಿಂದ ಕೆಳಕ್ಕೂ ಸರಿಯಾಗಿ ಇಳಿಯಲಿಲ್ಲ. ನೀರು ಬರುತ್ತಿದೆ ಎಂದು ಸೈದಾಪೇಟೆಯ ಆ ಗುಡಿಸಲಿಗೆ ಹೇಳಿದ್ದು ನೀರೇ.

ಆಮೇಲೆ ಸಿ-ಫ್ಲೋಸ್ ಎಂಬ ಪ್ರವಾಹ ಮುನ್ಸೂಚನಾ ವ್ಯವಸ್ಥೆ ಬಂದಿದೆ. ಬೇಕಾದದ್ದೇ. ಆದರೂ 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ವೇಳಚೇರಿ, ಪಳ್ಳಿಕರಣೆ ಮತ್ತೆ ಮುಳುಗಿದವು. ಕಂಪ್ಯೂಟರಿನ ಲೆಕ್ಕ ಎಷ್ಟೇ ಚೆನ್ನಾಗಿರಲಿ, ಗೀತೆಯ ಪಟ್ಟಿಯಲ್ಲಿ ಅದರ ಜಾಗ ಕರಣಗಳ ಸಾಲಿನಲ್ಲಿ. ಅದನ್ನು ಕರ್ತೃವಿನ ಪೀಠದಲ್ಲಿ ಕೂರಿಸಿದ ದಿನ “ಮಾಡೆಲ್ ಹಾಗೆ ಹೇಳಿತು” ಎಂಬ ಮಾತು ಹೊಸ ದೈವವಾಗುತ್ತದೆ. ಮುಂಗಾಣಿಕೆ ಕೈಗೆ ಬಂದ ಗಳಿಗೆಯಿಂದ ಗೇಟಿನ ಆದೇಶದವರೆಗೆ ಯಾರು, ಎಷ್ಟು ಹೊತ್ತಿಗೆ, ಏನು ತಿಳಿದು, ಏನು ತೀರ್ಮಾನಿಸಿದರು ಎಂಬುದು ಬರಹದಲ್ಲಿರಬೇಕು. ಮಳೆಗಾಲ ಮುಗಿದ ಮೇಲೆ ಅದನ್ನು ಅಡಯಾರಿನ ದಂಡೆಯವರೆದುರು, ಅವರ ತಮಿಳಿನಲ್ಲಿ, ಓದಿ ಒಪ್ಪಿಸಬೇಕು.